ಇಳಿಯುವ ದಾರಿಯ ಲೆಕ್ಕ

ಕುಮಾರ ಪರ್ವತದ ಚಾರಣದ ಕುರಿತು ಬರುವ ಬರಹಗಳೆಲ್ಲ ಬಹುಮಟ್ಟಿಗೆ ಏರುವ ಕಥೆಗಳೇ. 1712 ಮೀಟರ್ ಎತ್ತರ, ಶೇಷಪರ್ವತದ ಕಡಿದಾದ ದಾರಿ, ಮಂಜು ಸರಿದಾಗ ಕಾಣುವ ಕಣಿವೆ, ಇವಿಷ್ಟನ್ನು ಬಣ್ಣಿಸಿದ ಮೇಲೆ ಬರಹ ಶಿಖರದಲ್ಲಿಯೇ ಮುಗಿದುಹೋಗುತ್ತದೆ. ಹತ್ತಿದವರು ಇಳಿದದ್ದು ಹೇಗೆ, ಇಳಿಯುವಾಗ ಏನನ್ನು ಹೊತ್ತು ತಂದರು, ಏನನ್ನು ಬಿಟ್ಟು ಬಂದರು ಎಂಬುದನ್ನು ಯಾರೂ ಬರೆಯುವುದಿಲ್ಲ. ಆದರೆ ಬೆಟ್ಟದ ಬುಡದಲ್ಲಿ ಬದುಕುವವರಿಗೆ ಮುಖ್ಯವಾದುದು ಈ ಎರಡನೆಯ ಅರ್ಧವೇ. ಶಿಖರದ ನೋಟ ಬಂದುಹೋಗುವವರ ಪಾಲಿನದು. ಇಳಿದು ಬರುವ ನೀರು, ಮಣ್ಣು, ಕಸ ಇವೆಲ್ಲ ಊರಿನ ಪಾಲಿನವು.

ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಡುವ ದಾರಿಯಲ್ಲಿ ಸುಮಾರು ಆರು ಕಿಲೋಮೀಟರ್ ನಡೆದರೆ ಗಿರಿಗದ್ದೆ ಸಿಗುತ್ತದೆ. ಇಲ್ಲಿನ ಕೃಷಿಕ ಕುಟುಂಬವೊಂದರ ಮನೆ ದಶಕಗಳ ಕಾಲ ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿ, ಮಲಗಲು ಜಗಲಿ ಕೊಟ್ಟು 'ಭಟ್ಟರ ಮನೆ' ಎಂದೇ ನಾಡಿನಾದ್ಯಂತ ಹೆಸರಾಯಿತು. ಶಿಖರದಿಂದ ಶೇಷಪರ್ವತ, ಕಲ್ಲುಮಂಟಪಗಳನ್ನು ದಾಟಿ ದಣಿದು ಬಂದವರಿಗೆ ಈ ಮನೆ ಕಂಡರೆ ಬೆಟ್ಟವೇ ಮುಗಿಯಿತೆಂಬ ಸಮಾಧಾನ. ವಾಸ್ತವದಲ್ಲಿ ಆಗಿರುವುದು ಅರ್ಧ ದಾರಿ ಮಾತ್ರ. ಗಿರಿಗದ್ದೆಯಿಂದ ಕೆಳಗೆ ಹುಲ್ಲುಗಾವಲು ಮುಗಿದು ದಟ್ಟ ನಿತ್ಯಹರಿದ್ವರ್ಣ ಕಾಡು ತೊಡಗುತ್ತದೆ. ಬೇರುಗಳೇ ಮೆಟ್ಟಿಲಾದ ಇಳಿಜಾರಿನಲ್ಲಿ ಭೀಮನಬಂಡೆಯನ್ನು ದಾಟಿ, ಕುಕ್ಕೆಯ ಮನೆಗಳ ನಡುವೆ ಕಾಲಿಡುವ ಹೊತ್ತಿಗೆ ಶಿಖರದಿಂದ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಇಳಿದಂತಾಗುತ್ತದೆ.

ಈ ಇಳಿತದಲ್ಲಿ ಬೆಟ್ಟಕ್ಕೆ ಆಗುವ ಪೆಟ್ಟು ಏರಿನಲ್ಲಿ ಆಗುವುದಕ್ಕಿಂತ ಹೆಚ್ಚು. ಏರುವವನು ಉಸಿರು ಹಿಡಿದು, ನೆಲ ನೋಡಿ, ಒಂದೊಂದೇ ಹೆಜ್ಜೆ ಇಡುತ್ತಾನೆ. ಇಳಿಯುವವನ ಭಾರವೆಲ್ಲ ಹಿಮ್ಮಡಿಯ ಮೇಲೆ ಬೀಳುತ್ತದೆ. ಜಾರದಂತೆ ತಡೆಯಲು ಅವನು ಹಿಮ್ಮಡಿಯನ್ನು ಮಣ್ಣಿಗೆ ಊರುತ್ತಾನೆ, ಕಲ್ಲು ಕದಲುತ್ತದೆ, ಮಣ್ಣು ಕಿತ್ತುಬರುತ್ತದೆ. ಊರು ಸೇರುವ ಆತುರದಲ್ಲಿ ತಿರುವುಗಳನ್ನು ಬಿಟ್ಟು ನೇರವಾಗಿ ಕೆಳಗಿಳಿಯುವ ಒಳದಾರಿಗಳು ಹುಟ್ಟುವುದೂ ಹೆಚ್ಚಾಗಿ ಇಳಿಯುವವರ ಕಾಲಿನಿಂದಲೇ. ತುಳಿದು ಗಟ್ಟಿಯಾದ ನೆಲ ನೀರು ಕುಡಿಯುವುದಿಲ್ಲ. ಜೂನ್ ತಿಂಗಳ ಮಳೆ ಬಂದಾಗ ಆ ದಾರಿಯೇ ತೋಡಾಗುತ್ತದೆ. ಮರುವರ್ಷ ಬಂದವರು ಕೊರಕಲಾದ ದಾರಿಯನ್ನು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅದೂ ತುಳಿತಕ್ಕೆ ಸಿಕ್ಕಿ ಬೋಳಾಗುತ್ತದೆ. ಹೀಗೆ ಕಾಲುಹಾದಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ, ಆಳವಾಗುತ್ತದೆ. ಇದಕ್ಕೆ ಯಾವ ದುಷ್ಟನೂ ಬೇಕಿಲ್ಲ. ಒಳ್ಳೆಯವರ ಕಾಲುಗಳೇ ಸಾಕು, ಸಂಖ್ಯೆ ಹೆಚ್ಚಿದ್ದರಾಯಿತು.

ಈ ಇಳಿಜಾರಿನ ನೀರೆಲ್ಲ ಸೇರುವುದು ಕುಮಾರಧಾರೆಗೆ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ತನ್ನ ಆಯುಧವನ್ನು ತೊಳೆದ ಹೊಳೆಯಿದು ಎಂಬುದು ಸ್ಥಳಪುರಾಣ; ದೇವರ ದರ್ಶನಕ್ಕೆ ಮುನ್ನ ಭಕ್ತರು ಮೀಯುವುದೂ ಇದರಲ್ಲಿಯೇ. ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಮಲ್ಲಳ್ಳಿಯ ಜಲಪಾತವಾಗಿ ಧುಮುಕಿ ಬರುವ ಈ ಹೊಳೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಬಳಿ ಕಡಲು ಸೇರುತ್ತದೆ. ಶಿಖರದ ಹುಲ್ಲು ಹಿಡಿದಿಟ್ಟ ಮಳೆನೀರು ಬೇಸಿಗೆಯಲ್ಲಿ ಅಡಿಕೆ ತೋಟಕ್ಕೂ ಅಡುಗೆ ಮನೆಗೂ ತಲುಪುವ ದಾರಿ ಇದು. ಅದೇ ಹುಲ್ಲು ಸವೆದು ಮಣ್ಣು ಬತ್ತಲಾದರೆ ಮಳೆಗಾಲದಲ್ಲಿ ಕೆಂಪು ನೀರು, ಬೇಸಿಗೆಯಲ್ಲಿ ಒಣ ತೋಡು.

ಇಳಿಜಾರಿನ ಊರುಗಳಿಗೆ ಮಣ್ಣಿನ ಭಯ ಎಂತಹುದೆಂದು ಹೇಳಿಕೊಡಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ನಾಡೇ ಕಂಡಿತು. 2022ರ ಆಗಸ್ಟ್ ಮೊದಲ ದಿನ ಸುಬ್ರಹ್ಮಣ್ಯದಲ್ಲಿಯೇ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಮಕ್ಕಳು ಮಡಿದರು. ಆ ದುರಂತಗಳನ್ನು ಚಾರಣಿಗರ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಅತಿಮಳೆ, ಕಡಿದ ಗುಡ್ಡ, ಕೆಟ್ಟ ಜಲಮಾರ್ಗಗಳ ಪ್ರಶ್ನೆ ಬೇರೆಯೇ ಇದೆ. ಆದರೆ ಬೆಟ್ಟದ ಮೇಲೆ ನೀರು ಎತ್ತ ಹರಿಯುತ್ತದೆ ಎಂಬುದು ಕಣಿವೆಯಲ್ಲಿ ಜೀವದ ಪ್ರಶ್ನೆ ಎಂಬುದನ್ನು ಅವು ಮರೆಯಗೊಡುವುದಿಲ್ಲ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಅದರ ಬೆನ್ನಿಗೇ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಾರಣ ಮತ್ತೆ ಆರಂಭವಾದಾಗ ಒಂದು ಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ಬಂದಿತು. ಇದು ಸ್ವಾಗತಾರ್ಹ ಹೆಜ್ಜೆ. ಮಿತಿಯೇ ಇಲ್ಲದ ಕಾಲಕ್ಕಿಂತ ಮಿತಿಯಿರುವ ಕಾಲ ಮೇಲು. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಪುಷ್ಪಗಿರಿ ವನ್ಯಜೀವಿಧಾಮವೂ ಒಂದು ಎಂಬುದನ್ನು ನೆನೆದರೆ ಈ ಮಿತಿ ತಡವಾಗಿಯೇ ಬಂದಿತೆನ್ನಬೇಕು.

ಆದರೆ ಆ ಲೆಕ್ಕ ಹತ್ತುವವರ ತಲೆಯೆಣಿಕೆ ಮಾತ್ರ. ಎಲ್ಲ ದಿನಗಳಿಗೂ ಒಂದೇ ಸಂಖ್ಯೆ, ಎಲ್ಲ ಬೆಟ್ಟಗಳಿಗೂ ಒಂದೇ ಸಂಖ್ಯೆ. ಮಳೆ ಆಗಷ್ಟೇ ಬಿಟ್ಟ ಅಕ್ಟೋಬರ್‌ನಲ್ಲಿ ನೆಲ ಮೆತ್ತಗಿರುತ್ತದೆ. ಆಗಿನ ಮುನ್ನೂರು ಜನರ ಭಾರಕ್ಕೂ ನೆಲ ಒಣಗಿದ ಡಿಸೆಂಬರ್‌ನ ಮುನ್ನೂರು ಜನರ ಭಾರಕ್ಕೂ ವ್ಯತ್ಯಾಸವಿದೆ. ಬೆಟ್ಟ ಎಷ್ಟು ಜನರನ್ನು ತಾಳಬಲ್ಲದು ಎಂಬುದನ್ನು ದಾರಿಯ ಸ್ಥಿತಿ ನೋಡಿ ನಿರ್ಧರಿಸಬೇಕು. ಕೊರಕಲು ಎಷ್ಟು ಆಳವಾಯಿತು, ಹೊಸ ಒಳದಾರಿಗಳು ಎಷ್ಟು ಹುಟ್ಟಿದವು, ತೋಡಿನ ನೀರು ಯಾವ ತಿಂಗಳಿನವರೆಗೆ ತಿಳಿಯಾಗಿತ್ತು ಎಂಬುದನ್ನು ವರ್ಷ ವರ್ಷವೂ ಅಳೆದು ದಾಖಲಿಸಿದರೆ ಸಂಖ್ಯೆ ತಾನಾಗಿಯೇ ಹೇಳಿಬರುತ್ತದೆ.

ಎರಡನೆಯದು ಕಸದ ಮಾತು. ಹತ್ತುವಾಗ ಚೀಲ ತಪಾಸಣೆ ನಡೆಸುವುದು ಸುಲಭ. ಇಳಿಯುವಾಗ ಅದೇ ಚೀಲದಲ್ಲಿ ಖಾಲಿ ಬಾಟಲಿಗಳು ಮರಳಿ ಬಂದವೇ ಎಂದು ನೋಡಿದಾಗ ಮಾತ್ರ ಆ ತಪಾಸಣೆಗೆ ಅರ್ಥ ಬರುತ್ತದೆ. ಇದು ಅಸಾಧ್ಯದ ಮಾತಲ್ಲ. ನೆರೆಯ ನೀಲಗಿರಿ ಜಿಲ್ಲೆಯಲ್ಲಿ 2022ರ ಮೇ ತಿಂಗಳಿನಿಂದ, ಮದ್ರಾಸ್ ಹೈಕೋರ್ಟಿನ ಸೂಚನೆಯ ಮೇರೆಗೆ, ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಹಿಂದಿರುಗಿಸುವ ಕ್ರಮ ಜಾರಿಗೆ ಬಂದಿತು. ಆನೆಗಳು ನಡೆಯುವ ಕಾಡಿನಲ್ಲಿ ಒಡೆದ ಗಾಜು ಬೀಳದಿರಲಿ ಎಂಬುದು ಅದರ ಉದ್ದೇಶ. ಬಾಟಲಿಯ ಮೇಲೆ ಗುರುತಿನ ಚೀಟಿ ಅಂಟಿಸಿ, ಠೇವಣಿ ಪಡೆದು, ಕೆಳಗೆ ಇಳಿದಾಗ ಮರಳಿಸುವ ಏರ್ಪಾಡು ಕುಕ್ಕೆಯ ದಾರಿಗೂ ಒಗ್ಗುತ್ತದೆ.

ಮೂರನೆಯದು ಊರಿನ ಪಾತ್ರ. ಚಾರಣವನ್ನೇ ನಿಲ್ಲಿಸಿಬಿಡಬೇಕೆಂಬ ವಾದವೂ ಪರಿಸರಾಸಕ್ತರಲ್ಲಿದೆ. ಆ ವಾದದ ಹಿಂದಿನ ನೋವು ನಿಜವಾದುದು. ಆದರೆ ಜನ ಕಾಲಿಡದ ಕಾಡು ತಾನಾಗಿಯೇ ಉಳಿದೀತೆಂದು ನಂಬುವಂತಿಲ್ಲ. ಕಾಡನ್ನು ಕಣ್ಣಾರೆ ಕಂಡವರು ಇಲ್ಲದ ಕಡೆ ಗಣಿಗಾಗಲಿ ರಸ್ತೆಗಾಗಲಿ ಬೆಟ್ಟ ಕಡಿಯುವಾಗ ಬೇಡವೆನ್ನಲು ಯಾರೂ ಇರುವುದಿಲ್ಲ. ಚಾರಣ ಉಳಿಯಬೇಕು, ಅದರ ಹೊಣೆ ಮತ್ತು ಆದಾಯ ಎರಡರಲ್ಲೂ ಊರಿಗೆ ಪಾಲು ಇರಬೇಕು. ಈ ದಾರಿ ಒಂದು ಜಿಲ್ಲೆಯಲ್ಲಿ ತೊಡಗಿ ಇನ್ನೊಂದು ಜಿಲ್ಲೆಯ ಶಿಖರ ಮುಟ್ಟುತ್ತದೆ. ಶುಲ್ಕ ಕಟ್ಟುವುದು ಎಲ್ಲಿಂದಲೋ, ಹಣ ಹೋಗುವುದು ಎಲ್ಲಿಗೋ. ಕಸ ಹೆಕ್ಕುವುದು ಮಾತ್ರ ಸ್ಥಳೀಯ ಯುವಕರು ಎಂಬಂತಾಗಬಾರದು. ಶುಲ್ಕದ ಒಂದು ನಿಶ್ಚಿತ ಭಾಗ ದಾರಿಯ ದುರಸ್ತಿಗೆಂದೇ ಊರಿನ ಸಮಿತಿಗೆ ಬರಲಿ.

ದುರಸ್ತಿಗೆ ಸಿಮೆಂಟು ಬೇಕಿಲ್ಲ. ಅಡಿಕೆ ತೋಟದ ಬಸಿಗಾಲುವೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಿಗೆ ಇಳಿಜಾರಿನ ನೀರನ್ನು ಹೇಗೆ ಒಲಿಸಬೇಕೆಂಬುದು ಗೊತ್ತಿದೆ. ದಾರಿಗೆ ಅಡ್ಡಲಾಗಿ ಓರೆಯಾಗಿ ಕಲ್ಲು ಹೂತು ನೀರನ್ನು ಅಲ್ಲಲ್ಲಿ ಪಕ್ಕದ ಕಾಡಿಗೆ ತಿರುಗಿಸುವುದು, ಒಳದಾರಿಗಳ ಬಾಯಿಗೆ ಮುಳ್ಳು, ಸೊಪ್ಪು ಒಡ್ಡಿ ಮುಚ್ಚುವುದು, ಮಳೆಗಾಲಕ್ಕೆ ಮುನ್ನ ಒಮ್ಮೆ, ನಂತರ ಒಮ್ಮೆ ದಾರಿ ನಡೆದು ನೋಡುವುದು, ಇಷ್ಟೇ ಕೆಲಸ. ಸಂಯಮವೂ ಈ ಕಣಿವೆಗೆ ಹೊಸತಲ್ಲ. ಕುಮಾರಧಾರೆಯ ಕೆಲವು ಗುಂಡಿಗಳ ಮೀನನ್ನು ದೇವರ ಮೀನೆಂದು ಹಿಡಿಯದೆ ಬಿಟ್ಟ ಸಂಪ್ರದಾಯ ಇಲ್ಲಿಯದೇ. ಯಾವ ಕಾನೂನೂ ಇಲ್ಲದ ಕಾಲದಲ್ಲಿ ಊರೇ ಹಾಕಿಕೊಂಡ ಮಿತಿಯದು. ಹೊಳೆಯ ಗುಂಡಿಗೆ ಸಂದ ಆ ಮರ್ಯಾದೆ ಹೊಳೆ ಹುಟ್ಟುವ ಇಳಿಜಾರಿಗೂ ಸಲ್ಲಬೇಕು.

ಈ ಕೆಲಸದಲ್ಲಿ ವಿದ್ಯಾರ್ಥಿಗಳ ಪಾಲು ದೊಡ್ಡದು. ಶಾಲೆ, ಕಾಲೇಜುಗಳ ಚಾರಣ ತಂಡಗಳು ಶಿಖರದಲ್ಲಿ ಚಿತ್ರ ತೆಗೆದು ಮರಳುವ ಬದಲು, ಗಿರಿಗದ್ದೆಯಿಂದ ಕುಕ್ಕೆಯವರೆಗಿನ ಇಳಿತವನ್ನು ಪಾಠವಾಗಿ ನಡೆಯಬಹುದು. ಎಲ್ಲಿ ಬೇರು ಬತ್ತಲಾಗಿದೆ, ಎಲ್ಲಿ ದಾರಿ ಎರಡಾಗಿ ಒಡೆದಿದೆ, ಯಾವ ತೋಡಿನಲ್ಲಿ ನೀರಿದೆ ಎಂದು ಪ್ರತಿ ವರ್ಷ ಅದೇ ತಿಂಗಳು, ಅದೇ ಗುರುತುಗಳಲ್ಲಿ ಬರೆದಿಟ್ಟರೆ ಹತ್ತು ವರ್ಷಗಳಲ್ಲಿ ಅದೊಂದು ಅಮೂಲ್ಯ ದಾಖಲೆಯಾಗುತ್ತದೆ. ಇದಕ್ಕೆ ಬೇಕಾದುದು ಒಂದು ನೋಟ್‌ಪುಸ್ತಕ, ಒಂದು ಅಳತೆಪಟ್ಟಿ, ನಿಧಾನವಾಗಿ ಇಳಿಯುವ ತಾಳ್ಮೆ.

ಊರಿನ ಹಿರಿಯರು ಗುಡ್ಡಕ್ಕೆ ಹೋಗಿ ಬಂದವರನ್ನು ಕೇಳುವುದು ಎಷ್ಟು ಎತ್ತರ ಹತ್ತಿದಿರೆಂದಲ್ಲ, ಮೇಲೆ ನೀರು ಇದೆಯೇ ಎಂದು. ಚಾರಣದ ನಿಯಮ ರೂಪಿಸುವವರೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ.