ಐದು ಸಾವಿರ ಪ್ರಶ್ನೆಗಳ ಪುಸ್ತಕ ನಮಗೆ ಬೇಡ



ಊರಿನಲ್ಲಿ ಎಫ್‌ಡಿಎ, ಎಸ್‌ಡಿಎ, ಕೆಎಎಸ್ ಪರೀಕ್ಷೆಗಳಿಗೆ ಓದುತ್ತಿರುವ ಮಕ್ಕಳಿಗಾಗಿ ಐದು ಸಾವಿರ ಸಾಮಾನ್ಯ ಜ್ಞಾನ ಪ್ರಶ್ನೋತ್ತರಗಳ ಪುಸ್ತಕವನ್ನು ಮುದ್ರಿಸಿ, ಗ್ರಾಮೀಣ ಗ್ರಂಥಾಲಯಗಳಿಗೆ ಹಂಚಬೇಕೆಂಬ ಸಲಹೆ ಸಂಘದ ಮುಂದಿದೆ. ಅದರ ಹಿಂದಿರುವ ಔದಾರ್ಯವನ್ನು ನಾವು ಗೌರವಿಸುತ್ತೇವೆ. ಸಲಹೆಯನ್ನು ಮಾತ್ರ ವಿರೋಧಿಸುತ್ತೇವೆ. ಭಾನುವಾರಗಳಂದು ಆ ಮಕ್ಕಳೊಡನೆ ವಿಡಿಯೋ ಕರೆಯಲ್ಲಿ ಕೂರುವ ಸ್ವಯಂಸೇವಕರು ನಾವು, ವೃತ್ತಿಯಿಂದ ವೈದ್ಯರು. ಕಂಡದ್ದನ್ನೇ ಹೇಳುತ್ತಿದ್ದೇವೆ.

ಈ ವಿಷಯದಲ್ಲಿ ನಮ್ಮ ಅನುಭವವೇ ನಮ್ಮನ್ನು ದಾರಿ ತಪ್ಪಿಸುತ್ತಿದೆ. ಇಲ್ಲಿನ ಪೌರತ್ವಕ್ಕಾಗಿ ನಮ್ಮಲ್ಲಿ ಅನೇಕರು ‘ಲೈಫ್ ಇನ್ ದ ಯುಕೆ’ ಪರೀಕ್ಷೆ ಬರೆದಿದ್ದೇವೆ. 45 ನಿಮಿಷ, 24 ಪ್ರಶ್ನೆ, 18 ಸರಿಯಾದರೆ ತೇರ್ಗಡೆ. ಎಂಟನೆಯ ಹೆನ್ರಿಯ ಆರು ಪತ್ನಿಯರ ಹೆಸರುಗಳನ್ನು ರೈಲಿನಲ್ಲಿ ಉರುಹೊಡೆದು, ಪರೀಕ್ಷೆ ಮುಗಿದ ವಾರದಲ್ಲೇ ಮರೆತೆವು, ಕೆಲಸ ಕೆಡಲಿಲ್ಲ. ಏಕೆಂದರೆ ಅದು ಹೊಸ್ತಿಲು. ಪಕ್ಕದಲ್ಲಿ ಕುಳಿತವರಿಗೆ 24ಕ್ಕೆ 24 ಬಂದರೂ ನಮಗೆ ನಷ್ಟವಿರಲಿಲ್ಲ. ನೇಮಕಾತಿ ಪರೀಕ್ಷೆ ಹೊಸ್ತಿಲಲ್ಲ, ಏಣಿ. 2024ರ ಕೆಎಎಸ್ ಪೂರ್ವಭಾವಿ ಪರೀಕ್ಷೆ ನಡೆದದ್ದು 384 ಹುದ್ದೆಗಳಿಗೆ. ಅರ್ಜಿ ಹಾಕಿದವರು ಲಕ್ಷಕ್ಕೂ ಹೆಚ್ಚು. ಎಲ್ಲರ ಕೈಯಲ್ಲೂ ಇರುವ ಒಂದು ಸಾಲಿನ ಉತ್ತರದಿಂದ ಯಾರೂ ಯಾರಿಗಿಂತಲೂ ಮುಂದಾಗುವುದಿಲ್ಲ. ಮುಂದೊಯ್ಯುವುದು ಆ ಉತ್ತರದ ಹಿಂದಿರುವ ಕಾರಣ.

ನಮ್ಮ ವೃತ್ತಿಯದೇ ಉದಾಹರಣೆ ನೋಡಿ. ‘ಸಾರ್ವತ್ರಿಕ ರಕ್ತದಾನಿ ಯಾವ ಗುಂಪು?’ ಗೈಡುಗಳ ಉತ್ತರ: ‘ಓ’. ಇದು ಅರ್ಧಸತ್ಯ. ಕೆಂಪು ರಕ್ತಕಣಗಳ ಮೇಲೆ ಎ, ಬಿ ಎಂಬ ಪ್ರತಿಜನಕಗಳಿರುತ್ತವೆ. ಓ ಗುಂಪಿನ ಕಣಗಳ ಮೇಲೆ ಇವೆರಡೂ ಇಲ್ಲ. ಆರ್‌ಎಚ್ ಅಂಶವೂ ಇಲ್ಲದ ಓ ನೆಗೆಟಿವ್ ಕಣಗಳನ್ನು ಮಾತ್ರ ತುರ್ತಿನಲ್ಲಿ ಯಾರಿಗಾದರೂ ಕೊಡುತ್ತೇವೆ. ಪ್ಲಾಸ್ಮಾ ವಿಷಯದಲ್ಲಿ ಲೆಕ್ಕ ತಲೆಕೆಳಗು: ಎ, ಬಿ ಎರಡರ ವಿರುದ್ಧವೂ ಪ್ರತಿಕಾಯಗಳಿಲ್ಲದ ಎಬಿ ಗುಂಪಿನ ಪ್ಲಾಸ್ಮಾ ಎಲ್ಲರಿಗೂ ಸಲ್ಲುತ್ತದೆ. ‘ಪ್ಲಾಸ್ಮಾಕ್ಕೆ ಯಾರು ದಾನಿ?’ ಎಂದು ನಾವು ಕೇಳಿದಾಗ ಒಬ್ಬ ತರುಣಿ ಕ್ಷಣವೂ ತಡೆಯದೆ ‘ಓ’ ಎಂದಳು. ಹತ್ತು ನಿಮಿಷ ವಿವರಿಸಿದ ಮೇಲೆ, ಯಾರು ಯಾರಿಗೆ ಕೊಡಬಹುದೆಂಬ ಇಡೀ ಪಟ್ಟಿಯನ್ನು ತಾನೇ ಬರೆದಳು. ಅವಳಿಗೆ ಕೊರತೆಯಿದ್ದದ್ದು ಬುದ್ಧಿಯದಲ್ಲ, ವಿವರಣೆಯದು.

ಇತಿಹಾಸದಲ್ಲೂ ಇದೇ ಕಥೆ. ಏಕೀಕರಣ 1956, ಕರ್ನಾಟಕವೆಂಬ ನಾಮಕರಣ 1973 ಎಂಬುದು ಎಲ್ಲರಿಗೂ ಬಾಯಿಪಾಠ. ‘ಧಾರವಾಡ, ಕಲಬುರಗಿ, ಬಳ್ಳಾರಿ, ಮಂಗಳೂರು: ಇವುಗಳಲ್ಲಿ 1956ಕ್ಕೂ ಮೊದಲೇ ಮೈಸೂರು ರಾಜ್ಯಕ್ಕೆ ಸೇರಿದ್ದು ಯಾವುದು?’ ಎಂದೊಡನೆ ಮೌನ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಮದ್ರಾಸಿನಲ್ಲಿದ್ದ ಬಳ್ಳಾರಿ ನಮಗೆ ಬಂದ ಬಗೆಯನ್ನು ಅರಿತವರಿಗೆ ಈ ಪ್ರಶ್ನೆ ಕಷ್ಟವಲ್ಲ.

ಇನ್ನೊಂದು ದೋಷವುಂಟು. ಔಷಧದ ಸೀಸೆಯ ಮೇಲೆ ಅವಧಿ ಮುಗಿಯುವ ದಿನಾಂಕವಿರುತ್ತದೆ. ಇಂತಹ ಪುಸ್ತಕಗಳ ಮೇಲೆ ಇರುವುದಿಲ್ಲ. 2021ರಲ್ಲಿ ವಿಜಯನಗರ 31ನೆಯ ಜಿಲ್ಲೆಯಾಯಿತು. 30 ಎಂದೇ ಅಚ್ಚಾದ ಗೈಡು ಇಂದಿಗೂ ಕಪಾಟಿನಲ್ಲಿದೆ. ಶಾಸ್ತ್ರೀಯ ಭಾಷೆಗಳು 2024ರ ಅಕ್ಟೋಬರ್‌ನಲ್ಲಿ ಆರರಿಂದ ಹನ್ನೊಂದಾದವು. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುವ ಪರೀಕ್ಷೆಗೆ ಹಳಸಿದ ಉತ್ತರವನ್ನು ಉಡುಗೊರೆಯಾಗಿ ಕೊಡುವುದು ಸೇವೆಯಲ್ಲ.

‘ಹಗಲೆಲ್ಲ ದುಡಿಯುವ ಮಕ್ಕಳಿಗೆ ವಿವರಣೆ ಓದಲು ಸಮಯವೆಲ್ಲಿ? ನೀವೂ ಉರುಹೊಡೆದೇ ಎಂಬಿಬಿಎಸ್ ಮುಗಿಸಲಿಲ್ಲವೇ?’ ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ನಿಜ, ನರಗಳ ಹೆಸರುಗಳನ್ನು ನಾವೂ ಕಂಠಪಾಠ ಮಾಡಿದೆವು. ಆದರೆ ದೇಹವನ್ನು ಎದುರಿಗಿಟ್ಟುಕೊಂಡು ಮಾಡಿದೆವು. ನೆನಪಿನ ಶಕ್ತಿಯನ್ನು ನಾವು ಹಳಿಯುತ್ತಿಲ್ಲ. ಸಮಯ ಕಡಿಮೆಯಿರುವವರಿಗೇ ಒಂದು ಕಾರಣದಿಂದ ಹತ್ತು ಉತ್ತರ ಹೊರಡುವ ಓದು ಹೆಚ್ಚು ಬೇಕು ಎನ್ನುತ್ತಿದ್ದೇವೆ.

ಕನ್ನಡದ ಪ್ರಶ್ನೆಯೂ ಇಲ್ಲಿದೆ. 2024ರ ಆಗಸ್ಟ್ 27ರ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಕನ್ನಡದಲ್ಲಿ ಓದಿದವರು ಇಂಗ್ಲಿಷ್ ಪಠ್ಯವನ್ನು ನೋಡಿ ಪ್ರಶ್ನೆ ಅರ್ಥಮಾಡಿಕೊಳ್ಳಬೇಕಾದ ಸ್ಥಿತಿ ನಮಗೆಲ್ಲರಿಗೂ ಅವಮಾನ. ಆ ತಪ್ಪನ್ನು ನಾವು ಇಲ್ಲಿಂದ ತಿದ್ದಲಾರೆವು. ವಿಜ್ಞಾನ, ಸಂವಿಧಾನ, ಅರ್ಥಶಾಸ್ತ್ರಗಳನ್ನು ತಿಳಿಗನ್ನಡದಲ್ಲಿ ವಿವರಿಸಬಲ್ಲೆವು. ನಮ್ಮಲ್ಲಿ ವೈದ್ಯರು, ಎಂಜಿನಿಯರುಗಳು, ಲೆಕ್ಕಪರಿಶೋಧಕರು, ಶಿಕ್ಷಕರು ಇದ್ದಾರೆ.

ಆದ್ದರಿಂದ ನಮ್ಮ ಪ್ರತಿಸಲಹೆ ಇದು. ಮುದ್ರಣಕ್ಕೆ ಎತ್ತಿಟ್ಟ ಹಣದಲ್ಲಿ ಪ್ರತಿ ಗ್ರಂಥಾಲಯಕ್ಕೆ ಒಂದು ಕನ್ನಡ ದಿನಪತ್ರಿಕೆಯ ವರ್ಷದ ಚಂದಾ, ಆರರಿಂದ ಹತ್ತನೆಯ ತರಗತಿಯವರೆಗಿನ ಸಮಾಜ ಮತ್ತು ವಿಜ್ಞಾನ ಪಠ್ಯಪುಸ್ತಕಗಳು, ಗೋಡೆಗೆ ಒಂದು ಭೂಪಟ ಒದಗಿಸೋಣ. ಪ್ರತಿ ಕುಟುಂಬವೂ ತಿಂಗಳಿಗೊಂದು ಪ್ರಶ್ನೆಗೆ ಒಂದು ಪುಟದ ವಿವರಣೆ ಬರೆಯಲಿ, ಮತ್ತೊಬ್ಬರು ಪರಿಶೀಲಿಸಲಿ, ಬರೆದ ದಿನಾಂಕ ಕೆಳಗಿರಲಿ. ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳೂ ಜೊತೆಗೆ ಕೂತರೆ, ಅವರಿಗೂ ಊರು ಪರಿಚಯವಾದೀತು.

ಹಣ ಕೊಡುವುದು ಸುಲಭ. ಒಂದು ಗಂಟೆ ಕೊಡುವುದು ಕಷ್ಟ. ಆ ಮಕ್ಕಳು ನಮ್ಮಿಂದ ಕೇಳುತ್ತಿರುವುದು ಆ ಗಂಟೆಯನ್ನೇ. ಮುಂದಿನ ಸಭೆಯಲ್ಲಿ ಪುಸ್ತಕದ ಪ್ರಸ್ತಾವವನ್ನು ತಿರಸ್ಕರಿಸಬೇಕೆಂದು ವಿನಂತಿಸುತ್ತೇವೆ.