ಕಾಳು ಬಿಟ್ಟ ಕೋಳಿ

ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಮನೆಯ ಯಜಮಾನನು ಕೂಡಲೆ ಪಶುವೈದ್ಯರಿಗೆ ಹೇಳಿಕಳುಹಿಸುವನು. ಅದೇ ಮನೆಯ ಹಿತ್ತಲಿನಲ್ಲಿ ಹೇಂಟೆಯೊಂದು ಎರಡು ದಿನ ಕಾಳು ಮುಟ್ಟದೆ ಮೂಲೆ ಹಿಡಿದಿದ್ದರೆ, ಅದನ್ನು ವಿಚಾರಿಸುವವರು ಮನೆಯ ಹೆಂಗಸರಲ್ಲದೆ ಮತ್ತಾರೂ ಇರುವುದಿಲ್ಲ. ಅಂಥ ಕೋಳಿಯು ಸಾಯುವುದರೊಳಗಾಗಿ ನಾಲ್ಕು ಕಾಸಾದರೂ ಹುಟ್ಟಲೆಂದು ಅದನ್ನು ಸಂತೆಗೆ ಒಯ್ಯುವುದು ಅನೇಕ ಕಡೆಗಳಲ್ಲಿ ಕಂಡುಬರತಕ್ಕ ಪದ್ಧತಿ. ಈ ಪದ್ಧತಿಯು ಒಂದು ಮನೆಯ ನಷ್ಟವನ್ನು ಹತ್ತು ಊರುಗಳಿಗೆ ಹಂಚುವುದೆಂಬುದನ್ನು ಗ್ರಾಮದ ಮುಖಂಡರೂ ಹಿಡುವಳಿದಾರರೂ ಮನಗಾಣಬೇಕಾಗಿದೆ.

ಕಾಳು ಬಿಡುವುದು ತಾನೇ ಒಂದು ರೋಗವಲ್ಲ. ಒಳಗಿನ ತೊಂದರೆಯ ಸೂಚನೆ. ಕಾವಿಗೆ ಕುಳಿತ ಕೋಳಿಯು ಸಹಜವಾಗಿಯೇ ಕಡಮೆ ತಿನ್ನುವುದು. ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಉಳಿದಂತೆ ಬೇಸಗೆಯ ಝಳ, ಹೊಟ್ಟೆಯ ಹುಳು, ಮೈಮೇಲಿನ ಹೇನು, ಬೂಷ್ಟು ಹಿಡಿದ ಆಹಾರ, ಅಂಟುರೋಗ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಕುತ್ತಿಗೆಯ ಬುಡದಲ್ಲಿರುವ ಕಾಳಿನ ಚೀಲವನ್ನು ಬೆಳಿಗ್ಗೆ ಆಹಾರ ಕೊಡುವುದಕ್ಕೆ ಮೊದಲು ಮೆಲ್ಲಗೆ ಮುಟ್ಟಿನೋಡತಕ್ಕದ್ದು. ಆರೋಗ್ಯವಾದ ಕೋಳಿಯಲ್ಲಿ ಅದು ಆ ಹೊತ್ತಿಗೆ ಬರಿದಾಗಿರುವುದು. ಗಟ್ಟಿಯಾಗಿದ್ದರೆ ಹುಲ್ಲು ನಾರು ಮೊದಲಾದುವು ಸಿಕ್ಕಿಕೊಂಡಿರುವುದೆಂದೂ, ಮೆತ್ತಗೆ ಉಬ್ಬಿ ಬಾಯಿಂದ ಹುಳಿವಾಸನೆ ಬರುತ್ತಿದ್ದರೆ ಒಳಗಿನ ಆಹಾರವು ಕೊಳೆತಿರುವುದೆಂದೂ ಊಹಿಸಬಹುದು. ಈ ಎರಡು ಸಂದರ್ಭಗಳಲ್ಲಿಯೂ ಮತ್ತೆ ಆಹಾರ ತುರುಕದೆ ಪಶುವೈದ್ಯರಿಗೆ ತೋರಿಸುವುದೇ ಲೇಸು.

ಕಾರಣವು ಯಾವುದೇ ಆಗಿರಲಿ, ಮೊದಲು ಆ ಕೋಳಿಯನ್ನು ಬೇರ್ಪಡಿಸಿ, ಗಾಳಿಯಾಡುವ ನೆರಳಿನಲ್ಲಿ, ಒಣಹುಲ್ಲಿನ ಮೇಲೆ, ಮಂಕರಿಯ ಕೆಳಗೆ ಇಡತಕ್ಕದ್ದು. ಆಮೇಲೆ ನೀರು, ಆಹಾರವು ಅದರ ತರುವಾಯದ ಮಾತು. ಕೋಳಿಯು ತಿನ್ನುವ ಆಹಾರದ ಸುಮಾರು ಎರಡರಷ್ಟು ತೂಕದ ನೀರನ್ನು ಕುಡಿಯುವುದರಿಂದ, ನೀರು ಬಿಟ್ಟ ಕೋಳಿಯು ಬಹು ಬೇಗ ಸೊರಗುವುದು. ಆದರೆ ಕೊಕ್ಕನ್ನು ಅಗಲಿಸಿ ನೀರು ಸುರಿಯಕೂಡದು. ಉಸಿರಿನ ಕೊಳವೆಯ ಬಾಯಿಯು ನಾಲಗೆಯ ಹಿಂದೆಯೇ ಇರುವುದರಿಂದ, ಹಾಗೆ ಸುರಿದ ನೀರು ಶ್ವಾಸಕೋಶಕ್ಕೆ ಇಳಿದು ಪ್ರಾಣಹಾನಿಯಾಗುವ ಭಯವುಂಟು. ಕೊಕ್ಕಿನ ತುದಿಯನ್ನು ನೀರಿಗೆ ಸೋಕಿಸಿದರೆ ಸಾಕು. ನೀರು ಕುಡಿದ ಮೇಲೆ, ಕಾಳಿನ ಚೀಲದಲ್ಲಿ ದೋಷವಿಲ್ಲವೆಂದು ಕಂಡರೆ, ಮೆತ್ತಗೆ ಬೆಂದ ಅನ್ನ, ನೆನೆಸಿದ ರಾಗಿಯ ನುಚ್ಚು, ಪುಡಿಮಾಡಿದ ಬೆಂದ ಮೊಟ್ಟೆ ಇವುಗಳನ್ನು ಸ್ವಲ್ಪಸ್ವಲ್ಪವಾಗಿ ಇಟ್ಟು, ಉಳಿದುದನ್ನು ಹುಳಿಯುವ ಮೊದಲೇ ತೆಗೆದುಬಿಡತಕ್ಕದ್ದು.

ಇಷ್ಟನ್ನು ಪ್ರತಿಯೊಂದು ಮನೆಯವರೂ ತಾವೇ ಮಾಡಬಹುದು. ಆದರೆ ಹಸಿರು ಮಿಶ್ರಿತ ನೀರು ಭೇದಿ, ಬಾಯಿ ತೆರೆದು ಉಸಿರೆಳೆಯುವುದು, ಕುತ್ತಿಗೆ ತಿರುಚುವುದು ಇವು ಕಂಡು, ಒಂದರ ಹಿಂದೆ ಒಂದು ಕೋಳಿ ಬೀಳತೊಡಗಿದರೆ, ಅದು ಕೊಕ್ಕರೆ ರೋಗವೆಂದು ಹಳ್ಳಿಗಳಲ್ಲಿ ಹೆಸರಾದ ರಾಣಿಖೇತ್ ರೋಗವಾಗಿರಬಹುದು. 1927ರ ಸುಮಾರಿಗೆ ಕುಮಾವೂಂ ಬೆಟ್ಟಗಳ ರಾಣಿಖೇತಿನಲ್ಲಿ ಕಾಣಿಸಿಕೊಂಡುದರಿಂದ ಅದಕ್ಕೆ ಈ ಹೆಸರು ಬಂದಿತು. ಹಕ್ಕಿಜ್ವರದ ಲಕ್ಷಣಗಳೂ ಇದನ್ನೇ ಹೋಲುವುದರಿಂದ, ಬರಿಯ ಕಣ್ಣಿನಿಂದ ಇವೆರಡನ್ನೂ ಬೇರ್ಪಡಿಸಲಾಗದು. ತಡಮಾಡದೆ ಸರ್ಕಾರಿ ಪಶುವೈದ್ಯಾಲಯಕ್ಕೆ ವರದಿ ಕೊಡತಕ್ಕದ್ದು. ರಾಣಿಖೇತ್ ರೋಗವು ಬಂದ ಮೇಲೆ ಅದನ್ನು ಗುಣಪಡಿಸುವ ಔಷಧವಿಲ್ಲ. ಔಷಧದ ಅಂಗಡಿಯಿಂದ ತಂದ ಮನುಷ್ಯರ ಮಾತ್ರೆಗಳಿಂದ ಹಣ ಹಾಳಾಗುವುದೇ ಹೊರತು ಕೋಳಿ ಉಳಿಯದು. ಬರುವುದಕ್ಕೆ ಮುಂಚೆ ಲಸಿಕೆ ಹಾಕಿಸುವುದೊಂದೇ ದಾರಿ: ಮೊದಲನೆಯ ವಾರದಲ್ಲಿ ಮರಿಯ ಕಣ್ಣಿಗೋ ಮೂಗಿಗೋ ಹನಿ, ಸುಮಾರು ಎಂಟನೆಯ ವಾರದಲ್ಲಿ ಚುಚ್ಚುಮದ್ದು. ಕಾಯಿಲೆ ಬಿದ್ದಿರುವ ಕೋಳಿಗೆ ಮಾತ್ರ ಲಸಿಕೆ ಹಾಕಿಸಕೂಡದು.

ಮುಖಂಡರ ಹೊಣೆಯು ಬರುವುದು ಇಲ್ಲಿಯೇ. ಲಸಿಕೆಯ ಒಂದು ಸೀಸೆಯು ನೂರಾರು ಕೋಳಿಗಳಿಗೆ ಸಾಕಾಗುವುದು. ಅದನ್ನು ತಂಪಿನಲ್ಲಿಯೇ ಇಟ್ಟಿರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಐದು ಕೋಳಿ ಸಾಕಿದ ಬಡಹೆಂಗಸು ಒಬ್ಬಳೇ ಇದನ್ನು ತರಿಸಲಾರಳು. ಊರೆಲ್ಲ ಸೇರಿ ಒಂದು ದಿನವನ್ನು ಗೊತ್ತುಮಾಡಿ, ಬೆಳಕು ಹರಿಯುವ ಮೊದಲು, ಕೋಳಿಗಳು ಗೂಡಿನಿಂದ ಇಳಿಯುವುದರೊಳಗಾಗಿ ಹಾಕಿಸಿದರೆ, ಒಂದೇ ಸೀಸೆಯಲ್ಲಿ ಕೇರಿಯೇ ಉಳಿಯುವುದು.

ಕೋಳಿಯ ಬೆಲೆ ಎಷ್ಟರದು, ಇದಕ್ಕಾಗಿ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. ಎತ್ತು ಹೊಲವುಳ್ಳವನ ಆಸ್ತಿ; ಕೋಳಿಯೋ ಹೊಲವಿಲ್ಲದವಳ ಗಂಟು. ಮಕ್ಕಳ ಪುಸ್ತಕಕ್ಕೂ ಮನೆಯ ಉಪ್ಪು ಎಣ್ಣೆಗೂ ಅವಳು ಕೈಹಾಕುವುದು ಅದಕ್ಕೇ. ಅಲ್ಲದೆ ಬಡವಳ ಹಿತ್ತಲಿನ ರೋಗವು ಸಾಹುಕಾರನ ಬೇಲಿಗೆ ಅಂಜಿ ಹಿಂದಿರುಗುವುದಿಲ್ಲ. ಆದುದರಿಂದ ಕಾಯಿಲೆಯ ಕೋಳಿಯನ್ನು ಸಂತೆಗೆ ಒಯ್ಯಬಾರದೆಂದೂ, ಸತ್ತುದನ್ನು ಕೆರೆಕಟ್ಟೆಗಳಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕೆಂದೂ, ಲಸಿಕೆಯ ದಿನವನ್ನು ತಪ್ಪಿಸಬಾರದೆಂದೂ ಪ್ರತಿಯೊಂದು ಗ್ರಾಮವೂ ತಾನೇ ಕಟ್ಟುಮಾಡಿಕೊಳ್ಳುವುದು ಉಚಿತ. ಕಾಳು ಬಿಟ್ಟ ಮೊದಲನೆಯ ಕೋಳಿಯನ್ನು ಅಲಕ್ಷ್ಯ ಮಾಡದ ಊರಿನಲ್ಲಿ ಉಳಿದ ಕೋಳಿಗಳು ಬದುಕುವುವು.