ಎಲ್ಲಿ ಸಡಿಲ, ಎಲ್ಲಿ ಬಿಗಿ?

ಪೀಣ್ಯದ ಕಾರ್ಖಾನೆಗಳ ಯಂತ್ರಗಳಿಗೆ ಕಂಟ್ರೋಲರ್ ಸಾಫ್ಟ್‌ವೇರ್ ಬರೆಯುವುದು ನನ್ನ ಕಸುಬು. ಗಿರಾಕಿಗಳ ಬೇಡಿಕೆ ಸಾಮಾನ್ಯವಾಗಿ ಒಂದೇ: 'ಸಾರ್, ಮುಂದೆ ಏನು ಬೇಕಾದ್ರೂ ಸೇರಿಸೋ ಹಾಗಿರ್ಲಿ.' ನಾನು ತಿರುಗಿ ಕೇಳುತ್ತೇನೆ: 'ಪ್ರೆಸ್ಸಿನಡಿ ಕೈ ಬಂದರೆ ಎಷ್ಟು ಮಿಲಿಸೆಕೆಂಡಿನಲ್ಲಿ ನಿಲ್ಲಬೇಕು?' ಅದಕ್ಕೆ ಉತ್ತರ ಸಿಕ್ಕ ಮೇಲೆ ಉಳಿದ ಮಾತು. ರಿಯಲ್ ಟೈಮ್ ವ್ಯವಸ್ಥೆಯಲ್ಲಿ ತಡವಾಗಿ ಬಂದ ಸರಿ ಉತ್ತರವೂ ತಪ್ಪೇ.

ಹಾಗೆಂದು ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿಬಿಡಬೇಕೇ? ಬೇಡ. 1997ರ ಜುಲೈನಲ್ಲಿ ಮಂಗಳಕ್ಕಿಳಿದ ನಾಸಾದ ಪಾತ್‌ಫೈಂಡರ್‌ನ ಕಂಪ್ಯೂಟರ್ ಪದೇ ಪದೇ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಒಪ್ಪಿಸುವ ಕಡಿಮೆ ಆದ್ಯತೆಯ ಕೆಲಸವೊಂದು, ಒಮ್ಮೆಗೆ ಒಂದೇ ಕೆಲಸ ಹಿಡಿಯಬಹುದಾದ ಬೀಗವನ್ನು ಹಿಡಿದುಕೊಂಡಿತ್ತು. ಅತಿ ಮುಖ್ಯವಾದ ಕೆಲಸ ಆ ಬೀಗಕ್ಕೆ ಕಾಯುತ್ತಿತ್ತು. ಅಷ್ಟರಲ್ಲಿ ಮಧ್ಯಮ ಆದ್ಯತೆಯದ್ದು ನುಗ್ಗಿ, ಬೀಗ ಹಿಡಿದದ್ದನ್ನೇ ತಡೆದು ನಿಲ್ಲಿಸಿತು. ಗಡುವು ಮೀರಿತು, ರೀಸೆಟ್ ಆಯಿತು. ಬೀಗ ಹಿಡಿದ ಕೆಲಸಕ್ಕೆ ತಾತ್ಕಾಲಿಕ ಬಡ್ತಿ ಕೊಡುವ ಸೌಲಭ್ಯ ಅದರ ಆಪರೇಟಿಂಗ್ ಸಿಸ್ಟಂ ವಿಎಕ್ಸ್‌ವರ್ಕ್ಸ್‌ನಲ್ಲೇ ಇತ್ತು, ಆದರೆ ಆಫ್ ಆಗಿತ್ತು. ಎಂಜಿನಿಯರುಗಳು ಭೂಮಿಯ ಮೇಲಿನ ಪ್ರತಿರೂಪದಲ್ಲಿ ದೋಷವನ್ನು ಮರುಸೃಷ್ಟಿಸಿ, ಇಲ್ಲಿಂದಲೇ ಆ ಸೌಲಭ್ಯವನ್ನು ಆನ್ ಮಾಡಿದರು. ತಿದ್ದುಪಡಿ ಕಳಿಸುವ ದಾರಿ ಮೊದಲೇ ಇದ್ದದ್ದರಿಂದ ಯಾನ ಮುಂದುವರಿಯಿತು.

ಇದಕ್ಕೆ ತದ್ವಿರುದ್ಧವಾದದ್ದು ಏರಿಯಾನ್ 5. 1996ರ ಜೂನ್ 4ರಂದು ಮೇಲೇರಿದ ಒಂದು ನಿಮಿಷದೊಳಗೇ ಆ ರಾಕೆಟ್ ಛಿದ್ರವಾಯಿತು. ಏರಿಯಾನ್ 4ರ ಸಾಫ್ಟ್‌ವೇರನ್ನು ಹಾಗೆಯೇ ತಂದಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗಕ್ಕೆ ಸಂಬಂಧಿಸಿದ ಅಂಕಿ 16 ಬಿಟ್‌ಗಳಲ್ಲಿ ಹಿಡಿಸಲಿಲ್ಲ. ಬದಲಿಯಾಗಿದ್ದ ಕಂಪ್ಯೂಟರಿನಲ್ಲೂ ಅದೇ ಸಾಫ್ಟ್‌ವೇರ್, ಎರಡೂ ಕೈಕೊಟ್ಟವು. ಆ ಲೆಕ್ಕಾಚಾರವಂತೂ ಉಡಾವಣೆಯ ನಂತರ ಏರಿಯಾನ್ 5ಕ್ಕೆ ಬೇಕಾಗಿಯೇ ಇರಲಿಲ್ಲ!

ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದಾದ ಕೋಡನ್ನು ನಮ್ಮಲ್ಲಿ 'ಫ್ಲೆಕ್ಸಿಬಲ್' ಎಂದು ಮಾರುತ್ತಾರೆ. ನನ್ನ ಪ್ರಕಾರ ಅದು ಅರ್ಧ ಸತ್ಯ. ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಕೂಡದು ಎಂಬ ಗೆರೆ ಮೊದಲ ದಿನವೇ ಬೀಳಬೇಕು. ಮಿತಿ, ವೇಗ, ಆದ್ಯತೆಗಳು ಕೋಡಿನಿಂದ ಹೊರಗೆ, ಸೆಟ್ಟಿಂಗ್‌ಗಳಲ್ಲಿರಲಿ. ತುರ್ತು ನಿಲುಗಡೆಯ ದಾರಿಗೆ ಮಾತ್ರ ಯಾವ ಹೊಸ ಫೀಚರೂ ಅಡ್ಡ ಬರಬಾರದು. ಪ್ರತಿ ಬದಲಾವಣೆಯ ನಂತರ ಅತಿ ಕೆಟ್ಟ ಸಂದರ್ಭದ ಸಮಯವನ್ನು ಮತ್ತೆ ಅಳೆಯಬೇಕು. ಸರಾಸರಿ ತೋರಿಸಿ ಸಮಾಧಾನಪಡಿಸುವವರನ್ನು ನಂಬಬೇಡಿ, ಕೈ ಹೋಗುವುದು ಸರಾಸರಿಯಲ್ಲಲ್ಲ.

ಸಾಫ್ಟ್‌ವೇರ್ ಕೊಳ್ಳುವವರು, ಟೆಂಡರ್ ಬರೆಯುವ ಸರ್ಕಾರಿ ಇಲಾಖೆಗಳೂ ಸೇರಿ, ಫೀಚರ್ ಪಟ್ಟಿಯ ಜೊತೆಗೆ ಈ ಅಳತೆಯ ವರದಿಯನ್ನೂ ಕೇಳಲಿ. ಅದನ್ನು ಕೊಡಲಾಗದವರ ಬಿಲ್ ತಡೆಹಿಡಿಯಲಿ.